ಒಣಗಿದ ಕೆಲೇಡಿಯಂ ಕುಂಡ ಎಸೀಬೇಡಿ, ನೀರು ನಿಲ್ಸಿ

ಸಂಪಾದಕರಿಗೆ ನಮಸ್ಕಾರ,

ಸಂಕ್ರಾಂತಿ ಮಾರನೇ ದಿನ ಬೆಳಗ್ಗೆ ಕಸದ ಗಾಡಿ ನಮ್ಮ ಕ್ರಾಸಿಗೆ ಬಂದಾಗ ಎದುರು ಮನೆಯವ್ರು ಮೂರು ಕುಂಡದ ಮಣ್ಣನ್ನ ಹಾಗ್ಹಾಗೇ ತಂದು ಸುರಿಯೋಕೆ ಹೊರಟಿದ್ರು, ನಾನು ಹಾಲು ತರಕ್ಕೆ ಹೋಗ್ತಿದ್ದವಳು ಸುಮ್ನೆ ಕಣ್ಣು ಹಾಯ್ಸಿದ್ರೆ ಮಣ್ಣೊಳಗೆ ಸಣ್ಣ ಈರುಳ್ಳಿ ಗಾತ್ರದ ಗಡ್ಡೆಗಳು ಕಾಣಿಸ್ತು, ಎತ್ಕೊಂಡು ಹೆಬ್ಬೆರಳಲ್ಲಿ ಒತ್ತಿ ನೋಡಿದೆ, ಎರಡು ಮೆತ್ತಗಾಗಿತ್ತು, ಮಿಕ್ಕಿದ್ದೆಲ್ಲಾ ಗಟ್ಟಿ ಇತ್ತು. ಕೆಲೇಡಿಯಂ ಅದು, ಕೆಲವರು ಬಣ್ಣದ ಕೆಸು ಅಂತಾರಲ್ಲ, ಅದೇ. ದಸರಾ ಟೈಮಲ್ಲಿ ಆಸೆಪಟ್ಟು ತಂದಿದ್ದಂತೆ. "ದಿನಾ ತಪ್ಪದೆ ನೀರು ಹಾಕಿದೀನಿ ಆಂಟಿ, ಆದ್ರೂ ಒಂದೊಂದೇ ಎಲೆ ಬಿದ್ದು ಸತ್ತೇ ಹೋಯ್ತು" ಅಂತ ಆ ಹುಡುಗಿ ಹೇಳ್ದಾಗ ನಂಗೆ ತುಂಬಾ ಬೇಜಾರಾಯ್ತು. ಗಿಡ ಸತ್ತಿರ್ಲಿಲ್ಲ, ಮಲಗಿತ್ತು. ಸತ್ತಿದ್ದು ಮೆತ್ತಗಾಗಿದ್ದ ಆ ಎರಡು ಗಡ್ಡೆ ಮಾತ್ರ, ಅದೂ ದಿನಾ ತಪ್ಪದೆ ಹಾಕಿದ ನೀರಿಂದ್ಲೇ.

ಇದನ್ನ ಪತ್ರಿಕೆಗೇ ಬರೀಬೇಕು ಅನ್ಸಿದ್ದು ಯಾಕಂದ್ರೆ ಇದು ಒಂದು ಮನೆ ಕಥೆ ಅಲ್ಲ. ನಮ್ಮ ಮೈಸೂರಲ್ಲಿ ತುಂಬಾ ಜನ ಗಿಡ ಕೊಳ್ಳೋದೇ ದಸರಾ ಹೊತ್ತಲ್ಲಿ, ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನ ನೋಡ್ಕೊಂಡು ಬರ್ತಾ ಮನಸ್ಸು ತಡೀದೆ ನಾವೂ ನಾಲ್ಕು ಕುಂಡ ಇಡೋಣ ಅಂತ ನರ್ಸರಿಗೆ ಹೋಗ್ತೀವಿ, ಆಗ ಕೆಲೇಡಿಯಂ ಗುಲಾಬಿ, ಬಿಳಿ, ಕೆಂಪು ಅಂತ ಕಣ್ಣು ಕುಕ್ಕೋ ಹಾಗೆ ನಿಂತಿರತ್ತೆ. ಆದ್ರೆ ಅದು ಆ ಗಿಡದ ವರ್ಷದ ಕೊನೇ ಭಾಗ. ಇನ್ನೊಂದೂವರೆ ಎರಡು ತಿಂಗಳಿಗೆ ಅದು ಎಲೆ ಚೆಲ್ಲಿ ಮಲಗಲೇಬೇಕು. ಮಾರೋರು ಇದನ್ನ ಹೇಳಲ್ಲ, ಕೇಳಿದ್ರೆ ದಿನ ಬಿಟ್ಟು ದಿನ ನೀರು ಹಾಕಿ ಅಂತಾರೆ, ಎಲ್ಲಾ ಗಿಡಕ್ಕೂ ಎಲ್ಲಾ ಕಾಲಕ್ಕೂ ಅದೇ ಒಂದು ಮಾತು.

ಇದು ಮೂಲದಲ್ಲಿ ದಕ್ಷಿಣ ಅಮೆರಿಕದ ಕಡೆ ಕಾಡಿನ ಗಿಡ, ದೊಡ್ಡ ಮರಗಳ ಕೆಳಗೆ ತೂರಿ ಬರೋ ಬಿಸಿಲಲ್ಲಿ ಬೆಳೆಯೋದು. ಮಳೆ ತಿಂಗಳಲ್ಲಿ ಎಲೆ ಬಿಚ್ಚತ್ತೆ, ಒಣ ತಿಂಗಳಲ್ಲಿ ಎಲೆ ಬಿಟ್ಟು ನೆಲದೊಳಗೆ ಗಡ್ಡೆಯಾಗಿ ಇರತ್ತೆ. ನಮಗೇನೂ ಇದು ಹೊಸದಲ್ಲ. ಕೆಸು, ಸುವರ್ಣಗಡ್ಡೆ, ಕೆಲೇಡಿಯಂ ಮೂರೂ ಒಂದೇ ಕುಟುಂಬ, ಸಸ್ಯಶಾಸ್ತ್ರದಲ್ಲಿ ಅರೇಸಿ ಅಂತಾರೆ. ನನ್ನ ತವರು ಮಂಡ್ಯ ಕಡೆ, ಹಿತ್ತಲಲ್ಲಿ ಸುವರ್ಣಗಡ್ಡೆ ಎಲೆ ಹಳದಿಯಾಗಿ ಬಗ್ಗಿದ್ರೆ ನಮ್ಮಪ್ಪ ಅಯ್ಯೋ ಗಿಡ ಹೋಯ್ತು ಅಂದವರಲ್ಲ, ಗಡ್ಡೆ ಬಲೀತು ಅಂತ ಖುಷಿ ಪಡೋರು, ನೀರಿನ ಕಾಲುವೆ ಆ ಕಡೆಗೆ ತಿರುಗ್ಸೋದೇ ನಿಲ್ಲಿಸ್ತಿದ್ರು. ಕಬ್ಬಿಗೂ ಕಡಿಯೋಕೆ ಮುಂಚೆ ನೀರು ನಿಲ್ಸೋದು ಎಲ್ಲಾ ರೈತರಿಗೂ ಗೊತ್ತು. ಅದೇ ತಿಳುವಳಿಕೆ ಕುಂಡಕ್ಕೆ ಬರೋಷ್ಟರಲ್ಲಿ ನಮ್ಮಿಂದ ಎಲ್ಲೋ ಕಳೆದು ಹೋಗಿದೆ.

ನಾನೂ ಮೊದಲ ವರ್ಷ ಹಾಗೇ ಕಳ್ಕೊಂಡಿದೀನಿ. ಡಿಸೆಂಬರಲ್ಲಿ ಎಲೆ ಜೋತು ಬಿದ್ದಷ್ಟೂ ಬಾಯಾರಿಕೆ ಅಂದ್ಕೊಂಡು ಜಾಸ್ತಿ ನೀರು ಹಾಕ್ತಾ ಹೋದೆ, ಜನವರಿಲಿ ಮಣ್ಣು ಕೆದಕಿದ್ರೆ ಗಡ್ಡೆ ಕೊಳೆತು ಗೊಜ್ಜಾಗಿ ವಾಸನೆ ಬರ್ತಿತ್ತು. ಅವತ್ತಿಂದ ಕಲಿತಿದ್ದನ್ನ ಬರೀತೀನಿ, ಯಾರಿಗಾದ್ರೂ ಉಪಯೋಗ ಆಗ್ಲಿ.

ದೀಪಾವಳಿ ಕಳೆದ ಮೇಲೆ, ಹೊಸ ಎಲೆ ಬರೋದು ನಿಂತು ಹಳೇದು ಹಳದಿ ಆಗ್ತಿದ್ರೆ, ನೀರು ಇಳಿಸ್ತಾ ಬನ್ನಿ. ಮೂರು ದಿನಕ್ಕೊಂದ್ಸಲ, ಆಮೇಲೆ ವಾರಕ್ಕೊಂದ್ಸಲ, ಅದೂ ಕಾಲು ಚೊಂಬು, ಕೊನೇ ಎಲೆ ಬಿದ್ದ ದಿನದಿಂದ ಒಂದು ಹನಿಯೂ ಬೇಡ. ಹಸಿರಿರೋ ಎಲೆ ಮಾತ್ರ ಕತ್ತರಿಸ್ಬೇಡಿ, ಮುಂದಿನ ವರ್ಷಕ್ಕೆ ಗಡ್ಡೆಗೆ ಊಟ ಕಟ್ಟಿಡ್ತಿರೋದೇ ಆ ಎಲೆ, ತಾನಾಗಿ ಒಣಗಿ ಬೀಳ್ಲಿ. ಆಮೇಲೆ ಕುಂಡನ ಅಡ್ಡ ಮಲಗ್ಸಿ ಮೆಟ್ಟಿಲ ಕೆಳಗೆ ಇಟ್ರೂ ಸಾಕು, ಅಡ್ಡ ಯಾಕೆ ಅಂದ್ರೆ ಮನೇಲಿ ಯಾರಾದ್ರೂ ಪಾಪ ಒಣಗಿದೆ ಅಂತ ನೀರು ಹಾಕದೇ ಇರ್ಲಿ ಅಂತ. ಇಲ್ಲಾ ಗಡ್ಡೆ ತೆಗೆದು ನೆರಳಲ್ಲಿ ಒಂದು ವಾರ ಆರಿಸಿ ಒಣ ಮರಳಲ್ಲೋ ತೆಂಗಿನ ನಾರಿನ ಪುಡೀಲೋ ಹೂತಿಡಿ, ಪ್ಲಾಸ್ಟಿಕ್ ಕವರಲ್ಲಿ ಬಿಗಿಯಾಗಿ ಕಟ್ಬೇಡಿ, ಬೆವರಿ ಬೂಷ್ಟು ಬರತ್ತೆ. ನಮ್ಮಲ್ಲಿ ಚಳಿಗಾಲದ ರಾತ್ರಿ ಸಾಮಾನ್ಯವಾಗಿ 16 ಡಿಗ್ರಿ ಆಸುಪಾಸು, ಇದಕ್ಕೆ 15ಕ್ಕಿಂತ ಕೆಳಗೆ ಹೋದ್ರೆ ಕಷ್ಟ, ಹಾಗಾಗಿ ತಾರಸಿ ಮೇಲೆ ಬಯಲಲ್ಲಿ ಬಿಡೋದು ಬೇಡ.

ಯುಗಾದಿ ಆದ್ಮೇಲೆ ಯಾವಾಗ ಬೇಕಾದ್ರೂ ನೆಡಬಹುದು, ನಾನು ಭರಣಿ ಮಳೆ ಕಾಯ್ತೀನಿ, ಏಪ್ರಿಲ್ ಕೊನೇಲಿ. ಗಡ್ಡೆಯ ಕಣ್ಣು, ಅಂದ್ರೆ ಮೊಳಕೆ ಬರೋ ಜಾಗ, ಮೇಲ್ಮುಖ, ಎರಡಿಂಚು ಮಣ್ಣು ಮೇಲೆ. ಇಲ್ಲೇ ಎರಡನೇ ದೊಡ್ಡ ತಪ್ಪು ಆಗೋದು. ನೆಟ್ಟ ದಿನ ಒಂದ್ಸಲ ಚೆನ್ನಾಗಿ ನೀರು ಕೊಟ್ರೆ ಮುಗೀತು, ಮೊಳಕೆ ಮಣ್ಣಿಂದ ತಲೆ ಎತ್ತೋವರೆಗೂ ಮಣ್ಣು ಬರೀ ತೇವ ಇರ್ಬೇಕು ಅಷ್ಟೆ, ಯಾಕಂದ್ರೆ ಆಗ ಗಡ್ಡೆಗೆ ಬೇರೇ ಇರಲ್ಲ, ಬೇರಿಲ್ಲದ ಮೇಲೆ ನೀರು ಕುಡಿಯೋದು ಯಾವುದರಿಂದ, ಹಾಕಿದ್ದೆಲ್ಲಾ ಅಲ್ಲೇ ನಿಂತು ಕೊಳೆಸತ್ತೆ. ಮೊಳಕೆಗೆ ಮೂರು ವಾರನೂ ಆಗ್ಬಹುದು ಆರು ವಾರನೂ ಆಗ್ಬಹುದು, ತಾಳ್ಮೆ ಬೇಕು.

ಇನ್ನು ಎಲೆ ಬಂದ್ಮೇಲೆ ಬೇಸಿಗೆ ಕಥೆನೇ ಬೇರೆ. ಎಲೆ ತೆಳು, ಅಗಲ ಜಾಸ್ತಿ, ನೀರು ಬೇಗ ಆವಿ ಆಗತ್ತೆ, ಅದಕ್ಕೇ ಇದು ನೆರಳು ಬೇಡೋದು. ಬಿಳಿ ಎಲೆ ಜಾತಿ ಅಂತೂ ಮಧ್ಯಾಹ್ನದ ಬಿಸಿಲಿಗೆ ಸುಟ್ಟೇ ಹೋಗತ್ತೆ. ನಮ್ಮನೇಲಿ ಹೊಂಗೆ ಮರದ ಕೆಳಗೆ ಇಟ್ಟಿದೀನಿ, ಬೆಳಗ್ಗೆ ಏಳರೊಳಗೆ ನೀರು, ಬೆರಳಿನ ಒಂದು ಗೆಣ್ಣು ಮಣ್ಣಿಗೆ ಇಳಿಸಿ ನೋಡಿ ಒಣಗಿದ್ರೆ ಮಾತ್ರ. ಹಾಕಿದ್ರೆ ಬುಡದ ತೂತಿಂದ ಹರಿಯೋ ಹಾಗೆ ಹಾಕ್ಬೇಕು, ಮೇಲ್ಮೇಲೆ ಚಿಮುಕ್ಸಿದ್ರೆ ಬೇರು ಮೇಲೇ ಬರತ್ತೆ. ಮಧ್ಯಾಹ್ನ ಎರಡು ಗಂಟೆಗೆ ಎಲೆ ಜೋತು ಬಿದ್ದಿದ್ರೆ ಗಾಬರಿ ಬೇಡ, ಮಣ್ಣಲ್ಲಿ ತೇವ ಇದ್ರೆ ಅದು ಶಾಖಕ್ಕೆ ಬಾಡಿರೋದು, ಸಂಜೆ ತಾನೇ ಎದ್ದು ನಿಲ್ಲತ್ತೆ. ಬೆಳಗ್ಗೆ ಎದ್ದಾಗಲೇ ಜೋತಿದ್ದು ಮಣ್ಣೂ ಒಣಗಿದ್ರೆ ಆವಾಗ ನಿಜವಾದ ಬಾಯಾರಿಕೆ. ಇನ್ನೊಂದು, ಮಧ್ಯಾಹ್ನ ಟ್ಯಾಂಕ್ ನೀರು ಮುಟ್ಟಿ ನೋಡಿ, ಏಪ್ರಿಲಲ್ಲಿ ಕೈ ಸುಡತ್ತೆ, ಆ ಪೈಪಿಂದ ನೇರ ಬೇರಿಗೆ ಬಿಡೋದು ಅಂದ್ರೆ ಬೇಯ್ಸಿದ ಹಾಗೆ. ಬೋರ್ ನೀರು ಇರೋರಿಗೆ ಕುಂಡದ ಅಂಚಲ್ಲಿ ಬಿಳಿ ಉಪ್ಪು ಕಟ್ಟಿ ಎಲೆ ಅಂಚು ಕಂದು ಆಗ್ತಿದ್ರೆ ಆದಷ್ಟು ಮಳೆ ನೀರು ಹಿಡಿದಿಟ್ಟು ಹಾಕಿ.

ಬೆಳಗಿನ ಹೊತ್ತು ಎಲೆ ತುದೀಲಿ ಒಂದೊಂದು ಹನಿ ನಿಂತಿರತ್ತೆ, ಎಷ್ಟೋ ಜನ ಅದನ್ನ ಮಂಜು ಅಂದ್ಕೋತಾರೆ, ಅದು ಬೇರು ರಾತ್ರಿ ಎಳೆದ ನೀರನ್ನ ಗಿಡ ಹೊರಗೆ ಬಿಟ್ಟಿರೋದು. ಅದನ್ನ ನೋಡಕ್ಕೇ ನಾನು ಬೇಗ ಏಳ್ತೀನಿ.

ಮಳೆಗಾಲದ ಬಗ್ಗೆ ಜಾಸ್ತಿ ಹೇಳೋದಿಲ್ಲ. ನಮ್ಮಲ್ಲಿ ಮೇ ತಿಂಗಳಲ್ಲಿ ಒಂದು ಜೋರು, ಮತ್ತೆ ಸೆಪ್ಟೆಂಬರ್ ಅಕ್ಟೋಬರಲ್ಲಿ ಇನ್ನೊಂದು ಜೋರು, ನಡುವೆ ಗಾಳಿ ಜೊತೆ ಜಿನುಗು. ಸೂರಿನ ಕೆಳಗಿರೋ ಕುಂಡಕ್ಕೆ ಊರೆಲ್ಲಾ ನೆಂದ್ರೂ ಹನಿ ಬಿದ್ದಿರಲ್ಲ, ಬೆರಳು ಹಾಕಿ ನೋಡಿ. ಬಯಲಲ್ಲಿರೋ ಕುಂಡದ ತಟ್ಟೆ ನೀರು ಚೆಲ್ಲಿ, ಬೇರಿಗೂ ಒಳ್ಳೇದಲ್ಲ, ಡೆಂಗಿ ಸೊಳ್ಳೆನೂ ಅಂಥ ನಿಂತ ತಿಳಿನೀರಲ್ಲೇ ಮೊಟ್ಟೆ ಇಡೋದು. ನರ್ಸರಿ ಕುಂಡದಲ್ಲಿ ಬರೀ ಕೋಕೋಪೀಟ್, ಅಂದ್ರೆ ತೆಂಗಿನ ನಾರಿನ ಪುಡಿ, ಇದ್ರೆ ಮೇಲೆ ಒಣಗಿದ ಹಾಗೆ ಕಂಡ್ರೂ ತಳದಲ್ಲಿ ನೆನೆದಿರತ್ತೆ, ಕುಂಡ ಎತ್ತಿ ಭಾರ ನೋಡೋದು ವಾಸಿ. ಮನೇಲಿ ಮಗು, ನಾಯಿ ಇದ್ರೆ ಎಟುಕದ ಹಾಗಿಡಿ, ಕೆಸುವಿನ ಥರ ಇದೂ ಬಾಯಿಗೆ ಹೋದ್ರೆ ಉರಿ, ಊತ ಬರತ್ತೆ.

ಗಡ್ಡೆ ಎಷ್ಟು ಗಟ್ಟಿ ಜೀವ ಅನ್ನೋದಕ್ಕೆ ಒಂದು ಹೇಳ್ಲೇಬೇಕು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕಲ್ಲಿ 223 ಬರ ಅಂತ ಘೋಷಣೆ ಆಯ್ತಲ್ಲ, ಮುಂದಿನ ಬೇಸಿಗೇಲಿ ಬೆಂಗಳೂರಲ್ಲಿ ಕುಡಿಯೋ ನೀರು ಗಿಡಕ್ಕೆ ಹಾಕಿದ್ರೆ 5,000 ರೂಪಾಯಿ ದಂಡ ಅಂತ ಮಾಡಿದ್ರು. ಆ ವರ್ಷ ನಂಗೆ ಗಿಡಕ್ಕೆ ನಲ್ಲಿ ತಿರುಗ್ಸೋಕೆ ಮನಸ್ಸೇ ಬರ್ಲಿಲ್ಲ, ಅಕ್ಕಿ ತೊಳೆದ ನೀರು ತುಳಸಿಗೂ ದಾಸವಾಳಕ್ಕೂ ಸರಿ ಹೋಗ್ತಿತ್ತು, ಕೆಲೇಡಿಯಂ ಗಡ್ಡೆನ ಮರಳಲ್ಲೇ ಬಿಟ್ಟೆ. ಮೇ ಕೊನೇಲಿ ಮಳೆ ಬಂದ್ಮೇಲೆ ನೆಟ್ಟೆ, ಒಂದೂ ಹಾಳಾಗದೆ ಎಲ್ಲಾ ಎದ್ದು ಬಂತು.

ಅದಕ್ಕೇ ನನ್ನ ಕೋರಿಕೆ ಇಷ್ಟು. ಗಿಡ ಮಾರೋರು ಕೆಲೇಡಿಯಂ ಕುಂಡದ ಜೊತೆ ಕನ್ನಡದಲ್ಲಿ ಒಂದು ಸಣ್ಣ ಚೀಟಿ ಕೊಡ್ಲಿ, ದಸರಾ ಪ್ರದರ್ಶನದಲ್ಲೂ ಗಿಡದ ಹೆಸರಿನ ಪಕ್ಕ ಅದನ್ನೇ ಒಂದು ಬೋರ್ಡಲ್ಲಿ ಬರೆಸ್ಲಿ: "ಡಿಸೆಂಬರಿಂದ ಮಾರ್ಚ್‌ವರೆಗೆ ಎಲೆ ಇರಲ್ಲ, ನೀರು ಬೇಡ, ಗಡ್ಡೆ ಜೀವಂತವಾಗಿದೆ." ನಿಮ್ಮ ಪತ್ರಿಕೇಲೂ ಪ್ರತಿ ವರ್ಷ ದೀಪಾವಳಿ ಕಳೆದ ವಾರ ಎರಡು ಸಾಲು ಹಾಕಿದ್ರೆ ಎಷ್ಟೋ ಮನೆ ಗಡ್ಡೆ ಉಳಿಯತ್ತೆ. ಎದುರು ಮನೆಯವ್ರ ಏಳು ಗಡ್ಡೆ ಈಗ ನಮ್ಮನೆ ಅಟ್ಟದ ಮೇಲೆ ಮರಳಿನ ಡಬ್ಬದಲ್ಲಿದೆ, ಭರಣಿ ಮಳೆಗೆ ಬಂದು ಇಸ್ಕೊಂಡು ಹೋಗ್ತೀನಿ ಅಂದಿದಾಳೆ ಹುಡುಗಿ.

ಇಂತಿ,
ನಿಮ್ಮ ಓದುಗಳು
ಕುವೆಂಪುನಗರ, ಮೈಸೂರು