ಪಾಯಿಂಟ್ ಪೀಲಿಯಿಂದ ಮಗಳಿಗೊಂದು ಪತ್ರ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಮೊನಾರ್ಕ್ ಚಿಟ್ಟೆಗಳಿಗೆ ಮೆಕ್ಸಿಕೋದ ದಾರಿಯನ್ನು ಯಾರು ತೋರಿಸುತ್ತಾರೆ ಎಂದು ನೀನು ಕಳೆದ ಪತ್ರದಲ್ಲಿ ಕೇಳಿದ್ದೆ. ಉತ್ತರಿಸುವ ಮೊದಲು ಅವನ್ನು ಕಣ್ಣಾರೆ ಕಾಣಬೇಕೆಂದು ನಾನೂ ನಿನ್ನಮ್ಮನೂ ಈ ಸೆಪ್ಟೆಂಬರಿನಲ್ಲಿ ಒಂಟಾರಿಯೋದ ಪಾಯಿಂಟ್ ಪೀಲಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆವು. ಕೆನಡಾದ ಮುಖ್ಯ ಭೂಭಾಗದ ದಕ್ಷಿಣದ ಕೊನೆ ಇದೇ. ನೆಲವು ಕಿರಿದಾಗುತ್ತಾ ಹೋಗಿ ಈರಿ ಸರೋವರದೊಳಗೆ ಚೂಪಾಗಿ ಮುಗಿಯುವುದರಿಂದ, ದಕ್ಷಿಣಕ್ಕೆ ಹೊರಟ ಚಿಟ್ಟೆಗಳು ಇಲ್ಲಿಗೆ ಬಂದು ಸೇರುತ್ತವೆ. ಎದುರುಗಾಳಿಯೋ ಚಳಿಯೋ ಇದ್ದರೆ ನೀರು ದಾಟುವ ಸಾಹಸಕ್ಕಿಳಿಯದೆ ಮರಗಳಲ್ಲೇ ತಂಗುತ್ತವೆ.

ಬೆಳಿಗ್ಗೆ ಅವು ರೆಕ್ಕೆ ಮುಚ್ಚಿ ಜೋತುಬಿದ್ದಿದ್ದಾಗ ಕೊಂಬೆಯ ತುಂಬ ಒಣಗಿದ ಎಲೆಗಳಿರುವಂತೆಯೇ ಕಾಣುತ್ತಿತ್ತು. ದೊಡ್ಡ ಕ್ಯಾಮೆರಾ ಹೊತ್ತ ಮಹನೀಯರೊಬ್ಬರು ಆ ಮರದಡಿಯಲ್ಲೇ ನಿಂತು, ಈ ವರ್ಷ ಚಿಟ್ಟೆಗಳೇ ಇಲ್ಲವೆಂದು ಗೊಣಗುತ್ತಿದ್ದರು! ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಿದ್ದರೆ ಅವುಗಳ ಸ್ನಾಯುಗಳು ಹಾರಾಟಕ್ಕೆ ಒದಗುವುದಿಲ್ಲ. ಬಿಸಿಲು ಮರದ ಪೂರ್ವದ ಮಗ್ಗುಲಿಗೆ ತಾಗಿದ ಮೇಲೆ ಒಂದೊಂದಾಗಿ ರೆಕ್ಕೆ ಬಿಚ್ಚಿದವು. ಕಂದು ಕೊಂಬೆಯೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿತು. ನಿನ್ನಮ್ಮ ಎಣಿಸಲು ಹೊರಟು ಕೈಬಿಟ್ಟಳು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ದಾರಿ ತೋರಿಸುವವರು ಯಾರೂ ಇಲ್ಲ. ಬೇಸಿಗೆಯ ಮೊನಾರ್ಕ್‌ಗಳು ಎರಡರಿಂದ ಆರು ವಾರ ಮಾತ್ರ ಬದುಕುವುದರಿಂದ, ಹಿಂದಿನ ವರ್ಷ ಮೆಕ್ಸಿಕೋ ಕಂಡಿದ್ದ ಯಾವ ಚಿಟ್ಟೆಯೂ ಈ ಗುಂಪಿನಲ್ಲಿ ಉಳಿದಿಲ್ಲ. ಹಗಲು ಕುಗ್ಗುವ ಕಾಲಕ್ಕೆ ಹುಟ್ಟಿದ ಈ ಪೀಳಿಗೆಯಾದರೋ ಸಂತಾನದ ಕೆಲಸವನ್ನು ವಸಂತಕ್ಕೆ ಮುಂದೂಡಿ ಎಂಟು ತಿಂಗಳವರೆಗೂ ಬಾಳುತ್ತದೆ. ಅದು ಸೂರ್ಯನನ್ನು ನೋಡಿ ದಿಕ್ಕು ಹಿಡಿಯುತ್ತದೆ. ಸೂರ್ಯನೇ ದಿನವಿಡೀ ಸರಿಯುವುದರಿಂದ ಆ ಲೆಕ್ಕವನ್ನು ಸರಿಪಡಿಸುವ ಗಡಿಯಾರವು ಅದರ ಕುಡಿಮೀಸೆಗಳಲ್ಲಿದೆ. ಕುಡಿಮೀಸೆಗಳಿಗೆ ಬೆಳಕು ತಾಗದಂತೆ ಕಪ್ಪು ಬಣ್ಣ ಬಳಿದಾಗ ಚಿಟ್ಟೆಗಳು ತಪ್ಪು ದಿಕ್ಕಿಗೆ ಹಾರಿದ್ದನ್ನು 2009ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಇದನ್ನು ಪವಾಡವೆಂದು ಕೈಮುಗಿದು ಸುಮ್ಮನಾಗುವವರು ಸೊಗಸಿನ ಅರ್ಧಭಾಗವನ್ನೇ ಕಳೆದುಕೊಳ್ಳುತ್ತಾರೆಂದು ನನಗನ್ನಿಸುತ್ತದೆ.

ಅವು ಚಳಿಗಾಲ ಕಳೆಯುವ, ಇಲ್ಲಿಂದ ಸುಮಾರು 3,000 ಕಿಲೋಮೀಟರ್ ದೂರದ ಮೆಕ್ಸಿಕೋದ ಬೆಟ್ಟಗಳ ಪತ್ತೆ ವಿಜ್ಞಾನಿಗಳಿಗೆ ಸಿಕ್ಕಿದ್ದು 1975ರ ಜನವರಿಯಲ್ಲಿ. ಟೊರಾಂಟೊದ ಫ್ರೆಡ್ ಮತ್ತು ನೋರಾ ಅರ್ಕರ್ಟ್ ದಂಪತಿಗಳು ದಶಕಗಳ ಕಾಲ ರೆಕ್ಕೆಗಳಿಗೆ ಚೀಟಿ ಅಂಟಿಸಿ ಹುಡುಕಿದ್ದ ನೆಲೆ ಅದು. ಅಲ್ಲಿನ ಹಳ್ಳಿಗರಿಗೆ ಮಾತ್ರ ಆ ಚಿಟ್ಟೆಗಳು ಮೊದಲಿನಿಂದಲೂ ಪರಿಚಿತವೇ.

ಮೊನಾರ್ಕ್ ಮೊಟ್ಟೆಯಿಡುವ ಮಿಲ್ಕ್‌ವೀಡ್ ಗಿಡವು ನಮ್ಮ ಎಕ್ಕದ ಕುಟುಂಬದ್ದು. ಎಕ್ಕದ ಎಲೆ ಮೇಯುವ ಪಟ್ಟೆಪಟ್ಟೆಯ ಹುಳು ಮೊನಾರ್ಕ್‌ನ ಹತ್ತಿರದ ನೆಂಟನಾದ ಪ್ಲೇನ್ ಟೈಗರ್ ಚಿಟ್ಟೆಯದು. ಮೊನಾರ್ಕ್ ಹುಳುವಿನ ಮೈಮೇಲೆ ಕಪ್ಪು ಕೊಂಬುಗಳು ಎರಡು ಜೊತೆ, ಇದಕ್ಕೆ ಮೂರು ಜೊತೆ. ಹಬ್ಬಕ್ಕೆ ಊರಿಗೆ ಹೋದಾಗ ಅಜ್ಜಿಯ ಹಿತ್ತಲಿನ ಎಕ್ಕದಲ್ಲಿ ಹುಡುಕಿ, ಎಣಿಸಿ ನೋಡಿ ಬರೆ.

ಇತಿ ನಿನ್ನ ಪ್ರೀತಿಯ
ಅಪ್ಪ