ಸ್ಕ್ರೀನ್ ಹಿಂದೆ ಬಿದ್ದ 20

ಪ್ರೀತಿಯ ಗೆಳೆಯಾ,

ಭಾನುವಾರ ಮೊದಲ ಸಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ ಡಿಎಂ ಆಗಿ, ಅಂದರೆ ಕಥೆ ನಡೆಸುವವನಾಗಿ ಕೂರುತ್ತಿದ್ದೀಯ. ಡಿಎಂ ತನ್ನ ದಾಳ, ಟಿಪ್ಪಣಿ ಕಾಣದಂತೆ ಮುಂದೆ ನಿಲ್ಲಿಸಿಕೊಳ್ಳುವ ಸ್ಕ್ರೀನ್ ತಗೊಳ್ಳಲಾ ಬೇಡವಾ ಅಂತ ಕೇಳಿದಾಗ ಫೋನಿನಲ್ಲಿ ‘ನಿನ್ನಿಷ್ಟ’ ಅಂದುಬಿಟ್ಟೆ. ಆಮೇಲೆ ಮನಸ್ಸು ತಡೆಯಲಿಲ್ಲ. ನನ್ನ ಕೈಯಿಂದ ಆದದ್ದನ್ನು ನಿನಗೆ ಹೇಳಲೇಬೇಕು. ನಮ್ಮ ಹಾಗೆ ಈ ಆಟ ಆಡುವ ಬೇರೆಯವರೂ ಓದಲಿ ಅಂತ ಇಲ್ಲೇ ಬರೆಯುತ್ತಿದ್ದೇನೆ.

ಚಿಕ್ಕಮ್ಮನ ಮಗ ನಮ್ಮ ಆಟದಲ್ಲಿ ಮಾಂತ್ರಿಕ, ನಿನಗೆ ಗೊತ್ತಲ್ಲ. ಮೊದಲ ದಿನವೇ ಗುಹೆಯಲ್ಲಿ ಬಗ್‌ಬೇರ್ ಎಂಬ ಒಂದು ರಾಕ್ಷಸ ಪ್ರಾಣಿ ಅವನ ಮೇಲೆ ಎರಗಿತು. ಏಟು ತಗುಲುತ್ತದಾ ಅಂತ ಸ್ಕ್ರೀನ್ ಹಿಂದೆ ಡಿ20, ಅಂದರೆ 20 ಮುಖದ ದಾಳ ಉರುಳಿಸಿದೆ. 20 ಬಿತ್ತು. 100ಕ್ಕೆ 5 ಸಲ ಬೀಳುವಂಥದ್ದು ಆ ಗಳಿಗೆಯಲ್ಲೇ ಬೀಳಬೇಕಾ! 20 ಬಿದ್ದರೆ ಕ್ರಿಟಿಕಲ್, ಏಟಿನ ದಾಳಗಳೆಲ್ಲ ಎರಡರಷ್ಟು. ಬಗ್‌ಬೇರ್‌ಗೆ ಅದು ನಾಲ್ಕು ಡಿ8, ಅದರ ಮೇಲೆ 2. ಹುಡುಗನ ಹತ್ತಿರ ಇದ್ದದ್ದು 7 ಹಿಟ್ ಪಾಯಿಂಟ್, ಪಾತ್ರದ ಜೀವದ ಲೆಕ್ಕ ಅದು. ನಾವು ಆಡುವ 2014ರ ನಿಯಮದಲ್ಲಿ, ಸೊನ್ನೆಗೆ ಇಳಿದ ಮೇಲೂ ಮಿಕ್ಕ ಏಟು ಪೂರ್ತಿ ಹಿಟ್ ಪಾಯಿಂಟಿನಷ್ಟಿದ್ದರೆ ಸಾವಿನಿಂದ ಪಾರಾಗಲು ಹಾಕುವ ದಾಳ, ಡೆತ್ ಸೇವ್ ಕೂಡ ಸಿಗುವುದಿಲ್ಲ, ಅಲ್ಲೇ ಸಾವು. ಆ ಪಾತ್ರದ ಊರು, ಗುರು, ಓದಿದ ಮಠ ಎಲ್ಲ ಬರೆದುಕೊಂಡು ಬಂದಿದ್ದ. ಶೀಟಿನ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಗೂಬೆ ಬಿಡಿಸಿದ್ದ, ಒಂದು ರೆಕ್ಕೆ ಇನ್ನೂ ಅರ್ಧ. ಆ ರೆಕ್ಕೆ ನೋಡಿಕೊಂಡೇ ‘6, ತಪ್ಪಿತು’ ಅಂದೆ.

ಯಾರಿಗೂ ಗೊತ್ತಾಗಲಿಲ್ಲ. ಐದು ತಿಂಗಳಾದ ಮೇಲೆ ನಾನೇ ಹೇಳಿದೆ. ಗುಹೆಯಲ್ಲಿ ಬದುಕಿ ಬಂದ ಕಥೆಯನ್ನು ಅವನು ಸಿಕ್ಕವರಿಗೆಲ್ಲ ಹೇಳುತ್ತಿದ್ದ, ಪಕ್ಕದಲ್ಲಿ ಕೂತು ಕೇಳುವುದು ನನ್ನಿಂದ ಆಗುತ್ತಿರಲಿಲ್ಲ. ಸಿಟ್ಟು ಮಾಡಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ಸೇತುವೆ ಹತ್ರ ಓಗರ್ ಸತ್ತಿದ್ದು?’ ಅಂದ.

ಆ ದೈತ್ಯ ನಿಜವಾಗಿ ಸತ್ತಿತ್ತು ಕಣೋ. ಓಗರ್‌ಗೆ 59 ಹಿಟ್ ಪಾಯಿಂಟ್. ನನ್ನ ನೋಟ್‌ಬುಕ್ಕಿನಲ್ಲಿ 59ಕ್ಕೆ ಗೀಟು ಹಾಕಿ 46, ಅದಕ್ಕೂ ಗೀಟು ಹಾಕಿ 38, 21, 9. ಇವನ ಫೈರ್ ಬೋಲ್ಟ್ ಮಂತ್ರಕ್ಕೆ ಡಿ10ರಲ್ಲಿ ಸರಿಯಾಗಿ 9 ಬಿದ್ದಿತ್ತು, ಮನೆಯೆಲ್ಲ ಕೂಗಾಡಿದ್ದೆವು. ಪುಟ ತೆಗೆದು ತೋರಿಸಿದೆ. ನೋಡಿ ‘ಹ್ಞೂಂ ಅಣ್ಣ’ ಅಂದ. ನಂಬಲಿಲ್ಲ, ಮುಖ ನೋಡಿದರೆ ತಿಳಿಯುತ್ತಿತ್ತು. ನ್ಯಾಯವಾಗಿ ಗೆದ್ದದ್ದು ನಿಜ ಅಂತ ಅವನಿಗೆ ತೋರಿಸಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ.

ಪುಸ್ತಕದಲ್ಲೇ ಅನುಮತಿ ಇದೆಯಲ್ಲ ಅಂತ ನೀನು ಕೇಳಬಹುದು. ಇದೆ. 2014ರ ಡಿಎಂ ಗೈಡು ಸ್ಕ್ರೀನ್ ಹಿಂದೆ ದಾಳ ಹಾಕಿದರೆ ಬೇಕಾದಾಗ ಬದಲಿಸಬಹುದು ಎನ್ನುತ್ತದೆ, ಪದೇ ಪದೇ ಬೇಡ, ಆಟಗಾರರಿಗೆ ತಿಳಿಯದಿರಲಿ ಅಂತಲೂ ಸೇರಿಸುತ್ತದೆ. ಆ ಕೊನೇ ಮಾತೇ ನನಗೆ ಚುಚ್ಚುವುದು. ತಿಳಿದರೆ ಕೆಡುತ್ತದೆ ಅಂತಾದರೆ, ಐದೂ ತಿಂಗಳು ನಾನು ಬಚ್ಚಿಟ್ಟುಕೊಂಡೇ ಬದುಕಬೇಕಿತ್ತು. 1979ರ ಗೈಡಿನಲ್ಲಿ ಈ ಆಟ ಕಟ್ಟಿದವರಲ್ಲೊಬ್ಬನಾದ ಗ್ಯಾರಿ ಗೈಗ್ಯಾಕ್ಸ್ ಹೇಳುವ ದಾರಿ ನನಗೆ ಹೆಚ್ಚು ಹಿಡಿಸುತ್ತದೆ: ಎಲ್ಲ ಸರಿಯಾಗಿ ಮಾಡಿದವನು ಬರೀ ದಾಳದಿಂದ ಸಾಯುವಂತಾದರೆ ಕೊಲ್ಲಬೇಡ, ಪ್ರಜ್ಞೆ ತಪ್ಪಲಿ, ಒಂದು ಕೈಯೋ ಕಣ್ಣೋ ಹೋಗಲಿ. ಅಲ್ಲಿ ಏಟು ಏಟಾಗಿಯೇ ಉಳಿಯುತ್ತದೆ.

ಇನ್ನೊಂದು ವಿಷಯ ಆಮೇಲೆ ಹೊಳೆಯಿತು. ಕೈಯಳತೆಯಲ್ಲಿ ಹೊಡೆದು ಒಬ್ಬನನ್ನು ಸೊನ್ನೆಗೆ ಇಳಿಸಿದವರು ಕೊಲ್ಲದೆ ಮೂರ್ಛೆ ಬೀಳಿಸಬಹುದು ಅಂತ ನಿಯಮವೇ ಇದೆ. ಆ ಬಗ್‌ಬೇರ್ ಹುಡುಗನನ್ನು ಎಳೆದುಕೊಂಡು ಹೋಗಿ ಒತ್ತೆ ಇಟ್ಟುಕೊಳ್ಳಬಹುದಿತ್ತು. ಉಳಿದವರು ಬಿಡಿಸಿಕೊಳ್ಳಲು ಹೋಗುತ್ತಿದ್ದರು. ಎಂಥ ಆಟವಾಗುತ್ತಿತ್ತು! ಸುಳ್ಳು ಕೈಗೆಟುಕುವಂತಿತ್ತು, ಅದಕ್ಕೇ ನಾನು ಹುಡುಕಲಿಲ್ಲ.

ಅಜ್ಜಿ ಜೊತೆ ಚೌಕಾಬಾರ ಆಡುವಾಗ ನಾಲ್ಕು ಕವಡೆ ನೆಲಕ್ಕೆ ಬೀಳುತ್ತಿದ್ದವು, ಎಲ್ಲರೂ ಬಗ್ಗಿ ಎಣಿಸುತ್ತಿದ್ದೆವು. ಮನೆ ಮುಟ್ಟಲು ಒಂದೇ ಹೆಜ್ಜೆ ಇದ್ದಾಗ ಕಾಯಿ ಕಡಿಸಿಕೊಂಡು ಅತ್ತಿದ್ದೂ ಉಂಟು. ಅಜ್ಜಿ ಬೆನ್ನು ಸವರಿ ಕವಡೆ ಕೈಗೆ ಕೊಡುತ್ತಿದ್ದಳು, ಬಿದ್ದದ್ದನ್ನು ಮಾತ್ರ ಬದಲಿಸುತ್ತಿರಲಿಲ್ಲ.

ಆದ್ದರಿಂದ ಸ್ಕ್ರೀನ್ ತಗೋ, ನಕ್ಷೆ, ಟಿಪ್ಪಣಿ ಮುಚ್ಚಿಡಲು ಬೇಕಾಗುತ್ತದೆ. ಬಲೆ ಹುಡುಕುವಂಥ, ಅಂಕೆಯೇ ಗುಟ್ಟು ಬಿಟ್ಟುಕೊಡುವ ದಾಳಗಳನ್ನು ಒಳಗೇ ಹಾಕು, ಅದನ್ನು ಮೊದಲೇ ಎಲ್ಲರಿಗೂ ಹೇಳು. ಪಾತ್ರದ ಜೀವ ತೆಗೆಯುವ ದಾಳ ಮಾತ್ರ ಎದುರಿಗೇ ಬೀಳಲಿ. ಏನು ಬಿದ್ದರೂ ಒಪ್ಪುತ್ತೇನೆ ಅನ್ನಿಸದಿದ್ದರೆ ಹಾಕಲೇಬೇಡ, ಏನಾಯಿತು ಅಂತ ಬಾಯಲ್ಲೇ ಹೇಳಿ ಮುಂದೆ ಹೋಗು.

ಈಗ ನಾನು ಮೇಜಿನ ನಡುವೆ ಒಂದು ಸ್ಟೀಲ್ ತಟ್ಟೆ ಇಟ್ಟು ಅದರಲ್ಲೇ ಹಾಕುತ್ತೇನೆ. ಹೋದ ವಾರ ಮತ್ತೆ 20 ಬಿತ್ತು, ಮತ್ತೆ ಅವನ ಮೇಲೆಯೇ. ಎಲ್ಲರಿಗಿಂತ ಮೊದಲು ಬಗ್ಗಿ ನೋಡಿದವನು ಅವನು. ಏಟಿನ ದಾಳಗಳನ್ನು ಒಂದೊಂದಾಗಿ ಎತ್ತಿ, ತಾನೇ ಕೂಡಿಸಿ, ಶೀಟಿನಲ್ಲಿದ್ದ ಅಂಕೆಯನ್ನು ರಬ್ಬರಿನಿಂದ ಅಳಿಸಿದ. ಆಮೇಲೆ ನನ್ನ ಕಡೆ ನೋಡಿ, ‘ಡೆತ್ ಸೇವ್ ಇದೆ ಅಲ್ವಾ ಅಣ್ಣ, ಕೊಡು ಡಿ20’ ಅಂತ ಕೈ ಚಾಚಿದ.

ಭಾನುವಾರ ರಾತ್ರಿ ಫೋನ್ ಮಾಡು.

ನಿನ್ನವ