ಗುಜರಿ ಅಂಗಡಿಯ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮೊನ್ನೆ ನೀನು ಕಲಬುರಗಿಯಿಂದ ಫೋನ್ ಮಾಡಿದಾಗ ಮಧ್ಯದಲ್ಲೇ ಕಟ್ಟಾಯಿತು. ಆದರೆ ನೀನು ಕೇಳಿದ್ದು ತಲೆಯಲ್ಲೇ ಉಳಿಯಿತು. ವಿಕಿರಣ ಹತ್ತಿದ ಕಬ್ಬಿಣವನ್ನು ಲೇಸರ್ ಹೊಡೆದು ತೊಳೆಯುತ್ತಾರಂತೆ, ಹಾಗಾದರೆ ಅಂಥ ಗುಜರಿಗೆ ಇನ್ನು ಹೆದರಬೇಕಿಲ್ಲ ಅಲ್ವಾ ಅಂದೆ. ಹೆದರಬೇಕು. ನಿನ್ನಂಥ ವ್ಯಾಪಾರ ಮಾಡುವ ಬೇರೆಯವರೂ ಓದಲಿ ಅಂತ ಇಲ್ಲೇ ಬರೆಯುತ್ತಿದ್ದೇನೆ.

ಬೀದರಿಗೆ ಬಂದಾಗ ನಮ್ಮ ಮನೆಯಲ್ಲಿ ಬಿದರಿ ಹೂಜಿ ಕಪ್ಪು ಮಾಡುವುದನ್ನು ನೋಡಿದ್ದೀಯಲ್ಲ. ಕೋಟೆಯ ಮಣ್ಣಿಗೆ ನವಸಾಗರ, ನೀರು ಬೆರೆಸಿ ಬಿಸಿ ಹೂಜಿಗೆ ಹಚ್ಚಿದರೆ ಸತು-ತಾಮ್ರದ ಮೈ ಕಪ್ಪಾಗುತ್ತದೆ, ಬೆಳ್ಳಿಯ ಬಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಒಂದೇ ಮಣ್ಣು, ಒಂದಕ್ಕೆ ಹತ್ತಿತು, ಇನ್ನೊಂದಕ್ಕೆ ಹತ್ತಲಿಲ್ಲ. ಲೇಸರ್ ಕೆಲಸ ನಿಂತಿರುವುದೂ ಇಂಥದ್ದೇ ಭೇದದ ಮೇಲೆ. ಅಣು ವಿದ್ಯುತ್ ತಯಾರಿಸುವ ರಿಯಾಕ್ಟರಿನ ಬಿಸಿನೀರು ಹರಿಯುವ ಪೈಪುಗಳ ಒಳಮೈಗೆ ತುಕ್ಕಿನ ತೆಳು ಪದರ ಕೂರುತ್ತದೆ, ಕೋಬಾಲ್ಟ್-60 ಎಂಬ ವಿಕಿರಣ ಸೂಸುವ ಲೋಹ ಅದರಲ್ಲಿ ಸಿಕ್ಕಿಕೊಂಡಿರುತ್ತದೆ. ಆ ಮಂಕು ಪದರ ಬೆಳಕನ್ನು ಹೀರಿಕೊಳ್ಳುತ್ತದೆ, ಕೆಳಗಿನ ಹೊಳೆಯುವ ಉಕ್ಕು ಬಹುಪಾಲನ್ನು ವಾಪಸ್ ಎಸೆಯುತ್ತದೆ. ಒಂದೊಂದು ಹೊಡೆತ ಇರುವುದು ಕೆಲವೇ ನ್ಯಾನೋಸೆಕೆಂಡು, ಅಂದರೆ ಒಂದು ಸೆಕೆಂಡನ್ನು 100 ಕೋಟಿ ಭಾಗ ಮಾಡಿ ಅದರಲ್ಲಿ ಕೆಲವು ಭಾಗ. ಶಾಖಕ್ಕೆ ಒಳಗೆ ಇಳಿಯಲು ಪುರುಸೊತ್ತೇ ಇಲ್ಲ. ಮೇಲಿನ ಪದರ ಮಾತ್ರ ಆವಿಯಾಗಿ ಚಿಮ್ಮುತ್ತದೆ.

ಇದು ನನಗೆ ತುಂಬಾ ಹಿಡಿಸಿದ ವಿದ್ಯೆ. ಆಸಿಡ್ಡಿನಲ್ಲಿ ತೊಳೆದರೆ ಆ ಆಸಿಡ್ಡೇ ವಿಕಿರಣದ ಕಸವಾಗುತ್ತದೆ, ಮರಳು ಹೊಡೆದು ಉಜ್ಜಿದರೆ ಮರಳೂ ಅಷ್ಟೇ. ಲೇಸರಿನಲ್ಲಿ ಉಳಿಯುವುದು ಒಂದಿಷ್ಟು ಧೂಳು, ಅದನ್ನು ಹಿಡಿದ ಫಿಲ್ಟರುಗಳು. ಬೆಳಕನ್ನು ಫೈಬರ್ ಕೇಬಲ್ಲಿನಲ್ಲಿ ಕಳಿಸಬಹುದು, ಹಾಗಾಗಿ ಮನುಷ್ಯ ದೂರ ಕೂತು ರೋಬೋ ಕೈಯಿಂದ ಕೆಲಸ ಮಾಡಿಸಬಹುದು.

ಆದರೆ ಬೆಳಕು ವಿಕಿರಣವನ್ನು ಸಾಯಿಸುವುದಿಲ್ಲ, ಗೆಳೆಯಾ. ಪರಮಾಣುವಿನ ತಿರುಳಿಗೆ ಲೇಸರ್ ಬಿದ್ದದ್ದೂ ಗೊತ್ತಾಗುವುದಿಲ್ಲ. ಕೋಬಾಲ್ಟ್-60 ಅರ್ಧಕ್ಕೆ ಇಳಿಯಲು ಸುಮಾರು 5.3 ವರ್ಷ ಬೇಕು, ಪೈಪಿನ ಮೇಲಿದ್ದರೂ ಅಷ್ಟೇ, ಧೂಳಿನಲ್ಲಿದ್ದರೂ ಅಷ್ಟೇ. ಎದ್ದ ಧೂಳನ್ನು ಅಲ್ಲಿಂದಲ್ಲೇ ಎಳೆದುಕೊಳ್ಳದಿದ್ದರೆ ಅದು ಮತ್ತೆ ಲೋಹದ ಮೇಲೆ ಕೂರುತ್ತದೆ, ಇಲ್ಲವೇ ಉಸಿರಿನಲ್ಲಿ ಹೋಗುತ್ತದೆ. ಶಾಖ ಜಾಸ್ತಿಯಾಗಿ ಉಕ್ಕು ಕರಗಿದರೆ ಕೊಳೆ ಒಳಕ್ಕೇ ಇಳಿದುಬಿಡಬಹುದು. ಇನ್ನು ರಿಯಾಕ್ಟರಿನ ನಡುವೆ ಇದ್ದು, ಅಲ್ಲಿ ಹಾರಾಡುವ ನ್ಯೂಟ್ರಾನ್ ಕಣಗಳು ಬಿದ್ದು, ಮೈಯೆಲ್ಲಾ ವಿಕಿರಣವಾದ ಉಕ್ಕಿಗೆ ಈ ತೊಳೆತ ಏನೂ ಮಾಡಲಾರದು.

ನಿನ್ನ ಅಂಗಡಿಗೆ ಬರಬಹುದಾದ ಗಂಡಾಂತರ ಬೇರೆಯೇ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ಒಂದು ಹಳೇ ಲ್ಯಾಬ್ ಯಂತ್ರ ಬಂತು. ಒಳಗೆ ಕೋಬಾಲ್ಟ್-60 ಇತ್ತು. ಗೊತ್ತಿಲ್ಲದೆ ಬಿಚ್ಚಿದರು. ಹಲವರು ಆಸ್ಪತ್ರೆ ಸೇರಿದರು, ಒಬ್ಬ ತೀರಿಕೊಂಡ. ಅವನೂ ನಿನ್ನ ಹುಡುಗರ ಹಾಗೆ ದಿನಗೂಲಿಗೆ ಕಬ್ಬಿಣ ಬಿಚ್ಚುವ ಜಗತ್ತಿನವನೇ. ಅದು ಮೇಲೆ ಹತ್ತಿದ, ತೊಳೆದರೆ ಹೋಗುವ ಕೊಳೆಯಲ್ಲ, ಆ ತುಂಡೇ ವಿಷ.

ಹಳದಿ ಹಿನ್ನೆಲೆಯಲ್ಲಿ ಮೂರು ರೆಕ್ಕೆಯ ಫ್ಯಾನಿನಂಥ ವಿಕಿರಣದ ಗುರುತು ಕಂಡರೆ ಗ್ಯಾಸ್ ಕಟರ್ ಹಚ್ಚಬೇಡ. ಗುರುತು ಅಳಿಸಿಹೋಗಿರಲೂಬಹುದು, ಗಾತ್ರಕ್ಕೆ ಮೀರಿ ತೂಗುವ ಸೀಸದ ಡಬ್ಬಿ ಬಂದರೂ ಸುಮ್ನೆ ಬಿಟ್ಟು, ಎಲ್ಲರನ್ನೂ ದೂರ ಕಳಿಸಿ, ಪೊಲೀಸರಿಗೆ ಹೇಳು. ಆ ಗುರುತನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿ ಇಟ್ಟಿದ್ದೇನೆ. ಮುಂದಿನ ವಾರ ಬರುವಾಗ ತರುತ್ತೇನೆ, ತೂಕದ ಕಾಟಾ ಎದುರಿನ ಗೋಡೆಗೆ ಅಂಟಿಸೋಣ.

ನಿನ್ನ,
ಬೀದರಿನ ಗೆಳೆಯ